ತನ್ನ ಹೋಟೆಲು ತಾನೇ ಕೊಂಡವನ ಲೆಕ್ಕ

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಶನಿವಾರ ರಾತ್ರಿ ಸಾಂಬಾರಿಗಿಂತ ಬ್ಯಾಲೆನ್ಸ್ ಶೀಟೇ ಜಾಸ್ತಿ ಕುದಿಯುತ್ತದೆ. ಲಂಡನ್ನಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಗಲ್ಲಾದಲ್ಲಿ ಕೂತ ಶೆಟ್ರದು ಚೆಲ್ಸಿ, ಎರಡನೇ ಟೇಬಲಿನ ರಾಯರದು ಆರ್ಸೆನಲ್. ಇಬ್ಬರೂ ಲಂಡನ್ ಕಂಡದ್ದು ಟಿವಿಯಲ್ಲೇ. ಮೊದಲೆಲ್ಲ ಗೋಲಿಗೆ ಕೂಗುತ್ತಿದ್ದರು, ಈಗ ಸವಕಳಿಗೆ ಕೂಗುತ್ತಾರೆ.

"2022–23ರಲ್ಲಿ ನಿಮ್ಮವರ ಸಂಬಳವೇ 40 ಕೋಟಿ ಪೌಂಡ್ ದಾಟಿತು ಶೆಟ್ರೇ. ಬಂದದ್ದು ಎಷ್ಟನೇ ಸ್ಥಾನ? ಹನ್ನೆರಡು! ನಮ್ಮವರು ಅದಕ್ಕಿಂತ ಎಷ್ಟೋ ಕಮ್ಮಿಯಲ್ಲಿ ಎರಡನೆಯವರು."

"ಎರಡನೆಯವರಿಗೆ ಏನು ಕೊಟ್ರು ಮಾರಾಯ್ರೇ, ಸ್ಟೀಲ್ ಲೋಟವೋ?"

ಶೆಟ್ರ ಧೈರ್ಯಕ್ಕೆ ಕಾರಣವಿದೆ. 2023ರ ಜನವರಿಯಲ್ಲಿ ಚೆಲ್ಸಿ ಎನ್ಜೊ ಫೆರ್ನಾಂಡಿಸ್ ಎಂಬ ಆಟಗಾರನಿಗೆ 10 ಕೋಟಿ ಪೌಂಡಿಗೂ ಮೇಲೆ ಸುರಿದು ಎಂಟೂವರೆ ವರ್ಷದ ಕರಾರು ಬರೆಸಿಕೊಂಡಿತು. ಕ್ಲಬ್ಬುಗಳ ನಷ್ಟಕ್ಕೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮಿತಿ ಹಾಕಿತ್ತು, ಆದ್ದರಿಂದ ಖರ್ಚು ಕಡಿಮೆ ಕಾಣಬೇಕಿತ್ತು. ಲೆಕ್ಕದಲ್ಲಿ ಆ ದುಡ್ಡು ಕರಾರಿನ ವರ್ಷಗಳಿಗೆ ಹಂಚಿಹೋಗುತ್ತದೆ, ಸವಕಳಿ ಎಂದರೆ ಅದೇ. 40,000 ರೂಪಾಯಿಯ ಗ್ರೈಂಡರನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8,000, ಎಂಟಕ್ಕೆ ಹಂಚಿದರೆ 5,000. ಕಡಿಮೆ ಕಾಣುತ್ತದೆ, ಕಲ್ಲು ಸವೆಯುವುದೇನೂ ನಿಧಾನವಾಗುವುದಿಲ್ಲ. ಎರಡು ವರ್ಷಕ್ಕೆ ಗ್ರೈಂಡರ್ ಕೆಟ್ಟರೆ ಪುಸ್ತಕದಲ್ಲಿ ಇನ್ನೂ 30,000 ಕೂತಿರುತ್ತದೆ. 10,000ಕ್ಕೆ ಮಾರಿದರೆ ಉಳಿದ 20,000 ಒಂದೇ ಏಟಿಗೆ ನಷ್ಟ. ಗ್ರೈಂಡರ್ ಆದರೆ ಮೂಲೆಯಲ್ಲಿ ಸುಮ್ಮನಿರುತ್ತದೆ. ಬೆಂಚಿನ ಮೇಲೆ ಕೂತ ಆಟಗಾರನಿಗೆ ವಾರವಾರ ಸಂಬಳ ಬೇರೆ! 2023ರಲ್ಲೇ ಯುರೋಪಿನ ಫುಟ್‌ಬಾಲ್ ಒಕ್ಕೂಟದವರೂ ಪ್ರೀಮಿಯರ್ ಲೀಗಿನವರೂ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದರು.

ಇದಕ್ಕಿಂತ ಕ್ರೂರವಾದದ್ದು ಮನೆಮಗನ ಲೆಕ್ಕ. ಊರಿಂದ ಬಂದು ಟೇಬಲ್ ಒರೆಸುತ್ತಾ ದೋಸೆ ಕಲಿತ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಮಾರಿದರೆ ಬಂದದ್ದೆಲ್ಲ ಲಾಭ. ಅದಕ್ಕೇ ಆರನೇ ವಯಸ್ಸಿನಿಂದ ಚೆಲ್ಸಿಯಲ್ಲೇ ಬೆಳೆದ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾದ. ದುಬಾರಿ ಭಟ್ರನ್ನು ಉಳಿಸಿಕೊಳ್ಳಲು ಮನೆ ಹುಡುಗನನ್ನು ಕಳಿಸಬೇಕೆಂಬುದು ಆಡಿಟರ್ ಕೊಟ್ಟ ಬುದ್ಧಿ. ಸ್ಟೇಡಿಯಮ್ಮಿನ ಗೋಡೆಯ ಮೇಲೆ ಮಾತ್ರ 'ನಮ್ಮ ಕುಟುಂಬ'.

ಇನ್ನು ಹೋಟೆಲಿನ ಮಾತು. ತನ್ನ ಸ್ಟೇಡಿಯಂ ಸ್ಟ್ಯಾಮ್‌ಫರ್ಡ್ ಬ್ರಿಜ್ ಪಕ್ಕದ ಎರಡು ಹೋಟೆಲುಗಳನ್ನು 2022–23ರ ಲೆಕ್ಕದಲ್ಲಿ ಚೆಲ್ಸಿ 7.65 ಕೋಟಿ ಪೌಂಡಿಗೆ ಮಾರಿತು. ಕೊಂಡದ್ದು ಅದೇ ಮಾಲೀಕರ ಇನ್ನೊಂದು ಕಂಪನಿ. ಮರುವರ್ಷ ಮಹಿಳೆಯರ ತಂಡವೂ ಹೀಗೇ ಈ ಕಿಸೆಯಿಂದ ಆ ಕಿಸೆಗೆ ಹೋಯಿತು, ಆ ವರ್ಷದ ಕ್ಲಬ್ಬಿನ ಲೆಕ್ಕದಲ್ಲಿ 12.84 ಕೋಟಿ ಪೌಂಡ್ ಲಾಭ ಉಕ್ಕಿತು. ಪ್ರೀಮಿಯರ್ ಲೀಗ್ ನಿಯಮದಲ್ಲಿ ಇದಕ್ಕೆ ತಡೆಯಿರಲಿಲ್ಲ. ಯುರೋಪಿನವರು ಮಾತ್ರ ಇಂಥ ಲಾಭವನ್ನು ಲೆಕ್ಕಕ್ಕೆ ಹಿಡಿಯದೆ 2025ರಲ್ಲಿ 3.1 ಕೋಟಿ ಯೂರೋ ದಂಡ ಜಡಿದರು. ಲೀಗಿನ ಮೂರು ವರ್ಷದ 10.5 ಕೋಟಿ ಪೌಂಡ್ ನಷ್ಟದ ಮಿತಿಯನ್ನು 1.95 ಕೋಟಿ ಮೀರಿದ ಎವರ್ಟನ್ ಎಂಬ ಕ್ಲಬ್ಬಿಗೆ 10 ಅಂಕ ಕಡಿತ, ಮೇಲ್ಮನವಿಯ ಮೇಲೆ 6. ಪಾಪ, ಮಾರಲು ಹೋಟೆಲಿರಲಿಲ್ಲ.

"ಬುದ್ಧಿವಂತರು ನಮ್ಮವರು," ಎಂದು ಶೆಟ್ರು ಎದೆಯುಬ್ಬಿಸಿದರು. ತನ್ನ ಹೋಟೆಲನ್ನು ತಾನೇ ಕೊಳ್ಳುವ ವಿದ್ಯೆ ತಿಳಿಯದೆ ಮೂವತ್ತು ವರ್ಷ ಇಡ್ಲಿ ಮಾರಿದ ಮನುಷ್ಯ!

ರಾಯರು ಎದ್ದರು. ಮಸಾಲೆ ದೋಸೆ, ಕಾಫಿ, 140 ರೂಪಾಯಿ. "ಎಂಟೂವರೆ ವರ್ಷಕ್ಕೆ ಹಂಚಿ ಬರಕೊಳ್ಳಿ ಶೆಟ್ರೇ."

ಶೆಟ್ರು ಮಾತಾಡಲಿಲ್ಲ. ಪೆನ್ನಿನ ತುದಿಯಿಂದ ತಲೆಯ ಮೇಲಿದ್ದ ಎಣ್ಣೆ ಹಿಡಿದ ಬೋರ್ಡು ತೋರಿಸಿದರು: 'ಇಂದು ನಗದು, ನಾಳೆ ಉದ್ರಿ'.