ಮಲಗಿದವರನ್ನು ದಾಟಿದರೆ

ನಮ್ಮ ಮನೆಯಲ್ಲಿ 2016ರ ಜೂನ್ 10 ಇನ್ನೂ ಮುಗಿದಿಲ್ಲ.

ಅವತ್ತು ಶುಕ್ರವಾರ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ನಾಲ್ಕನೇ ಪಂದ್ಯ, ನಮ್ಮ ಕಡೆಯ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೂ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ಗೂ. ಆಟ ನಡೆಯುತ್ತಿದ್ದದ್ದು ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯ ಸೋಫಾ ಮೇಲೆ, ಸೋಫಾ ಸಿಗದವರು ಕಾರ್ಪೆಟ್ ಮೇಲೆ. ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ, ಊರಷ್ಟೇ. ಹಾಸನ, ದಾವಣಗೆರೆ, ಹೀಗೆ. ಒಬ್ಬನಿಗೆ ಮಾತ್ರ ಓಹಾಯೋ ಅಂತ ಹೆಸರು. ಅವನ ಸ್ವಂತ ಊರು ತಿಪಟೂರು. ಎಂಎಸ್ ಮಾಡಲು ಬಂದು ಎರಡು ವರ್ಷ ಓಹಾಯೋದ ಹಿಮದಲ್ಲಿ ನಡುಗಿದ್ದಕ್ಕೆ ಅವನಿಗೆ ಸಿಕ್ಕಿದ್ದು ಎರಡೇ: ಒಂದು ಡಿಗ್ರಿ, ಮತ್ತು ಕ್ಯಾವಲಿಯರ್ಸ್ ಮೇಲೆ ವಾಸಿಯಾಗದ ಪ್ರೀತಿ. ವಾರಿಯರ್ಸ್ ಊರಲ್ಲಿ ಮನೆ ಮಾಡಿಕೊಂಡು, ಆಗ ಕ್ಯಾವಲಿಯರ್ಸ್‌ನ ದೊಡ್ಡ ಆಟಗಾರನಾಗಿದ್ದ ಲೆಬ್ರಾನ್ ಜೇಮ್ಸ್ ಅಂಗಿ ಹಾಕಿಕೊಂಡು ಓಡಾಡುತ್ತಾನೆ. ನಾವು ಕರೆಯದೇ ಇದ್ದರೂ ಬರುತ್ತಾನೆ. ಅವನಿಲ್ಲದಿದ್ದರೆ ಜಗಳವಾಡುವುದು ಯಾರ ಹತ್ತಿರ?

ಆ ವರ್ಷ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಬಾಸ್ಕೆಟ್‌ಬಾಲ್ ಅವಳಿಗೆ ಪರಿಚಯವಾಗಿದ್ದು ಕಿವಿಯ ಮೂಲಕ. ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಾಗ ಹಾಲಿನಿಂದ ಎಂಟು ವರ್ಷದ ಮೊಮ್ಮಗ "ಕರಿ! ಕರಿ! ಕರಿ!" ಅಂತ ಕೂಗಿಕೊಂಡ. ಅಮ್ಮ ಗಾಬರಿಯಿಂದ ಬಂದು "ಯಾರನ್ನೋ ಕರೀಬೇಕು?" ಅಂದಳು. ಸ್ಟೆಫ್ ಕರಿಯನ್ನು ಅವಳಿಗೆ ತೋರಿಸಿದೆವು. ಬಾಯಿಂದ ಅರ್ಧ ಹೊರಗೆ ನೇತಾಡುವ ಮೌತ್‌ಗಾರ್ಡ್ ಕಚ್ಚಿಕೊಂಡು, ಮೈದಾನದ ಅರ್ಧದಿಂದ ಚೆಂಡು ಎಸೆಯುವ ಹುಡುಗ. "ಪಾಪ, ಬಡಕಲು. ಇವನೊಬ್ಬ ಮನೆ ಮಗ ಇದ್ದ ಹಾಗಿದಾನೆ" ಅಂದಳು. ಅವತ್ತಿನಿಂದ ಅವಳೂ ವಾರಿಯರ್ಸ್ ಕಡೆ.

ಸರಿ, ಆ ಶುಕ್ರವಾರ. ಪಂದ್ಯ ಮುಗಿಯಲು ಮೂರು ನಿಮಿಷವೂ ಇರಲಿಲ್ಲ. ನಾವೇ ಮುಂದಿದ್ದೆವು. ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಕೆಳಗೆ ಬಿದ್ದ. ಲೆಬ್ರಾನ್ ಸುತ್ತಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಬಿದ್ದವನನ್ನು ಹಾಗೇ ದಾಟಿ ಹೋದ. ಡ್ರೇಮಂಡ್ ಏಳುತ್ತಾ ಕೈ ಬೀಸಿದ. ಕೈ ಹೋಗಬಾರದ ಕಡೆಗೆ ಹೋಯಿತು. ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತರು. ನಾವೆಲ್ಲ ಎದ್ದು ನಿಂತು ಟಿವಿಗೆ ಬೈಯುತ್ತಿದ್ದೆವು. ಹಿಂದಿನಿಂದ ಅಮ್ಮನ ದನಿ ಕೇಳಿತು.

"ಅಯ್ಯೋ, ದಾಟಿಬಿಟ್ಟನಲ್ಲೋ! ವಾಪಸ್ ದಾಟೋಕೆ ಹೇಳ್ರೋ ಯಾರಾದ್ರೂ."

ಮಲಗಿದವರನ್ನು ದಾಟಬಾರದು. ನಮ್ಮ ಕಡೆ ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ದಾಟಿದಾಗ ಬೆನ್ನ ಮೇಲೆ ಒಂದು ಬೀಳುತ್ತದೆ, ಅಷ್ಟೇ. ಮಕ್ಕಳನ್ನು ದಾಟಿದರೆ ಅವು ಬೆಳೆಯುವುದಿಲ್ಲವಂತೆ. ಮರೆತು ದಾಟಿದರೆ ಪರಿಹಾರವೂ ಸುಲಭ. ಬಂದ ದಾರಿಯಲ್ಲೇ ಮತ್ತೆ ವಾಪಸ್ ದಾಟಿದರೆ ಲೆಕ್ಕ ಚುಕ್ತಾ. ನಾನು ಚಿಕ್ಕವನಿದ್ದಾಗ ತಮ್ಮನನ್ನು ಬೇಕಂತಲೇ ದಾಟಿ, ವಾಪಸ್ ದಾಟೋಲ್ಲ ಅಂತ ಹೆದರಿಸಿ, ಅವನ ಪಾಲಿನ ಕೊಬ್ಬರಿ ಮಿಠಾಯಿ ವಸೂಲಿ ಮಾಡಿದ್ದುಂಟು.

"ಅವನು ಆರಡಿ ಆರಿಂಚು ಇದಾನೆ ಅಜ್ಜಿ, ಇನ್ನೆಷ್ಟು ಬೆಳೀಬೇಕು?" ಅಂದ ನನ್ನ ಮಗ. ಎಲ್ಲರೂ ನಕ್ಕೆವು. ನಗದೇ ಏನು? ನಾಲ್ಕನೇ ಪಂದ್ಯ ಗೆದ್ದು 3-1 ಆಗಿತ್ತು. ಏಳರಲ್ಲಿ ನಾಲ್ಕು ಗೆದ್ದರೆ ಕಪ್. ಆ ಸೀಸನ್ನಿನಲ್ಲಿ 82ರಲ್ಲಿ 73 ಪಂದ್ಯ ಗೆದ್ದು ದಾಖಲೆ ಮಾಡಿದ್ದ ತಂಡ ನಮ್ಮದು. ಫೈನಲ್ಸ್‌ನಲ್ಲಿ 3-1ರಿಂದ ಎದ್ದು ಬಂದ ತಂಡ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಭಾನುವಾರ ಲೀಗಿನವರು ವಿಡಿಯೋ ನೋಡಿ ಡ್ರೇಮಂಡ್‌ನ ಆ ಕೈಬೀಸಿಗೆ ಫ್ಲೇಗ್ರಂಟ್ ಫೌಲ್, ಅಂದರೆ ಹದ್ದು ಮೀರಿದ ಒರಟಾಟ, ಅಂತ ಬರೆದರು. ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಆದಮೇಲಿನ ಸುತ್ತುಗಳಲ್ಲಿ, ಇಂಥ ಫೌಲಿಗೆ ಪಾಯಿಂಟ್ ಲೆಕ್ಕ ಇಡುತ್ತಾರೆ, ನಾಲ್ಕಾದರೆ ಒಂದು ಪಂದ್ಯ ಹೊರಗೆ. ನಮ್ಮ ಪುಣ್ಯಾತ್ಮನ ಖಾತೆಯಲ್ಲಿ ಆಗಲೇ ಮೂರಿತ್ತು. ಹಿಂದಿನ ಸುತ್ತಿನಲ್ಲಿ ಒಕ್ಲಹೋಮಾದ ಸ್ಟೀವನ್ ಆಡಮ್ಸ್‌ಗೆ ಒದೆಯಬಾರದ ಜಾಗಕ್ಕೆ ಒದ್ದಿದ್ದಕ್ಕೇ ಎರಡು. ಸೋಮವಾರ ಓಕ್ಲಂಡಿನಲ್ಲಿ ಐದನೇ ಪಂದ್ಯ ನಡೆಯುವಾಗ ಅವನಿಗೆ ಒಳಗೆ ಪ್ರವೇಶವಿಲ್ಲ. ಪಕ್ಕದಲ್ಲೇ ಇದ್ದ ಬೇಸ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಕೂತು ಟಿವಿಯಲ್ಲಿ ನೋಡಿದ. ಗೆದ್ದರೆ ಓಡಿ ಬಂದು ಸೇರಿಕೊಳ್ಳಬಹುದಲ್ಲ, ಅದಕ್ಕೆ. ಓಡುವ ಅವಕಾಶ ಬರಲಿಲ್ಲ. ಲೆಬ್ರಾನ್ 41 ಪಾಯಿಂಟ್, ಅವನ ಜೊತೆಯ ಕೈರಿ ಅರ್ವಿಂಗ್ 41. ಆರನೆಯದೂ ಸೋತೆವು. ಆ ಪಂದ್ಯದಲ್ಲಿ ಕರಿಗೆ ಆರು ಫೌಲ್ ಆಗಿ ಹೊರಗೆ ಹೋಗುವಾಗ ಮೌತ್‌ಗಾರ್ಡ್ ಕಿತ್ತು ಎಸೆದ. ಅದು ಹೋಗಿ ಒಬ್ಬ ಪ್ರೇಕ್ಷಕನಿಗೆ ತಗುಲಿತು. ಅಮ್ಮನಿಗೆ ಅವತ್ತು ನಿಜವಾಗಿ ಬೇಜಾರಾಯಿತು. "ಎಂಜಲದು" ಅಂದಳು.

ಏಳನೇ ಪಂದ್ಯ ಜೂನ್ 19ರ ಭಾನುವಾರ, ಇಲ್ಲಿನ ಅಪ್ಪಂದಿರ ದಿನ. ಹೆಂಡತಿ ಮಧ್ಯಾಹ್ನವೇ ಕೇಸರಿಭಾತ್ ಮಾಡಿಟ್ಟಿದ್ದಳು, ಗೆದ್ದ ಮೇಲೆ ತಿನ್ನೋಣ ಅಂತ. ಸ್ಕೋರ್ 89-89. ಆಮೇಲೆ ಸುಮಾರು ಮೂರೂವರೆ ನಿಮಿಷ ಎರಡೂ ಕಡೆಯವರು ಎಸೆದದ್ದೆಲ್ಲ ರಿಮ್ಮಿಗೆ ಬಡಿದು ವಾಪಸ್. ಇನ್ನೆರಡು ನಿಮಿಷ ಇದೆ ಅನ್ನುವಾಗ ನಮ್ಮ ಇಗುವಾಡಾಲಾ ಒಬ್ಬನೇ ಚೆಂಡು ಹಿಡಿದು ಬ್ಯಾಸ್ಕೆಟ್ ಕಡೆ ಹಾರಿದ. ಎರಡು ಪಾಯಿಂಟ್ ಬಂತು ಅಂತ ಹಾಸನ ಆಗಲೇ ಕೈ ಮೇಲೆತ್ತಿದ್ದ. ಎಲ್ಲಿದ್ದನೋ ಲೆಬ್ರಾನ್, ಹಿಂದಿನಿಂದ ಬಂದು ಚೆಂಡನ್ನು ಬೋರ್ಡಿಗೆ ಒತ್ತಿಬಿಟ್ಟ. ಹಾಸನದ ಕೈ ಮೇಲೇ ಉಳಿಯಿತು. ಒಂದು ನಿಮಿಷದ ನಂತರ ಕರಿಯ ಮುಖದ ಮುಂದೆಯೇ ಕೈರಿಯ ಮೂರು ಪಾಯಿಂಟಿನ ಎಸೆತ. ಅಷ್ಟೇ. 93-89.

ಗೆಲುವಿಗೆಂದು ಮಾಡಿದ ಕೇಸರಿಭಾತನ್ನು ಓಹಾಯೋ ಎರಡು ಸಲ ಹಾಕಿಸಿಕೊಂಡು ತಿಂದ. "ದ್ರಾಕ್ಷಿ ಜಾಸ್ತಿ ಹಾಕಿದೀರಾ, ಚೆನ್ನಾಗಿದೆ" ಅಂದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. ಕ್ಲೀವ್‌ಲ್ಯಾಂಡಿಗೆ ಯಾವ ದೊಡ್ಡ ಆಟದಲ್ಲೂ ಕಪ್ ಸಿಗದೆ 52 ವರ್ಷವಾಗಿತ್ತು. ಅದರಲ್ಲಿ ಐವತ್ತು ವರ್ಷ ಇವನಿಗೆ ಸಂಬಂಧವೇ ಇರಲಿಲ್ಲ ಅನ್ನಿ. ಆದರೂ ಅಳು ಅಳುವೇ. ಬೆಂಗಳೂರಿನಲ್ಲಿ ಆಗ ಸೋಮವಾರ ಬೆಳಿಗ್ಗೆ. ಐದೂವರೆಗೆ ಎದ್ದು ಕೂತಿದ್ದ ತಮ್ಮ ಆಫೀಸಿಗೆ ಹೊರಡುವಾಗ ಫೋನ್ ಮಾಡಿದ. ಹಲೋ ಇಲ್ಲ, ಏನಿಲ್ಲ. "ಎಜೀಲಿಯನ್ನ ಯಾಕೋ ಇಳಿಸಿದ?" ಎಜೀಲಿ ವಾರಿಯರ್ಸ್‌ನ ಬದಲಿ ಆಟಗಾರ, ಇಳಿಸಿದವನು ಕೋಚ್ ಸ್ಟೀವ್ ಕರ್.

ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

ಪಂದ್ಯ ಎರಡೂವರೆ ಗಂಟೆಯದ್ದು. ಅದರ ಮೇಲಿನ ವಾದಕ್ಕೆ ಗಡಿಯಾರವಿಲ್ಲ. ಮತ್ತು ಆ ವಾದ ಪೂರ್ತಿ ನಿಂತಿರುವುದು ಕನ್ನಡದ ಒಂದು ಪುಟ್ಟ ಅಕ್ಷರದ ಮೇಲೆ: ರೆ. ಡ್ರೇಮಂಡ್ ಆಡಿದ್ದರೆ. ನಮ್ಮ ಬೋಗಟ್ ಮಂಡಿ ಸರಿಯಿದ್ದಿದ್ದರೆ. ನಮ್ಮ ಹ್ಯಾರಿಸನ್ ಬಾರ್ನ್ಸ್ ಕೊನೆ ಮೂರು ಪಂದ್ಯದಲ್ಲಿ 32 ಸಲ ಎಸೆದು ಐದೇ ಹಾಕುವ ಬದಲು ಏಳು ಹಾಕಿದ್ದರೆ. ಎಜೀಲಿಯನ್ನು ಬೆಂಚಿನಲ್ಲೇ ಕೂರಿಸಿದ್ದರೆ. ಈ 'ರೆ' ಹಚ್ಚಿದ ಕ್ರಿಯಾಪದಕ್ಕೆ ಸೋಲೇ ಇಲ್ಲ, ಯಾಕೆಂದರೆ ಅದು ಯಾವತ್ತೂ ಅಂಗಳಕ್ಕೆ ಇಳಿಯುವುದಿಲ್ಲ. ಓಹಾಯೋ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳುತ್ತಾನೆ: "ಅತ್ತೆಗೆ ಮೀಸೆ ಬಂದಿದ್ರೆ ಮಾವ ಅಂತಿದ್ವಿ." ಇದನ್ನು ಅವನು ನಗದೆ ಹೇಳುತ್ತಾನೆ. ಅದೇ ಜಾಸ್ತಿ ಉರಿಸುವುದು.

'ರೆ' ಹೆಚ್ಚಾಗಿ ಹೋಗಿ ಕೂರುವುದು ಕೋಚ್ ತಲೆಯ ಮೇಲೆ. ಮದುವೆಮನೆ ಇದ್ದ ಹಾಗೆ. ಊಟ ಚೆನ್ನಾಗಿದ್ದರೆ ಹೆಣ್ಣಿನ ಅಪ್ಪನಿಗೆ ಹೊಗಳಿಕೆ, ಜೋರಾಗಿ ಮಾಡಿದರು ಅಂತ. ಸಾರಿಗೆ ಉಪ್ಪು ಜಾಸ್ತಿಯಾದರೆ ಇಡೀ ಪಂಕ್ತಿ ಅಡುಗೆ ಭಟ್ಟರ ಕಡೆ ತಿರುಗುತ್ತದೆ. ಸ್ಟೀವ್ ಕರ್ 2015ರ ಫೈನಲ್ಸ್‌ನಲ್ಲಿ ಎತ್ತರದ ಬೋಗಟ್‌ನನ್ನು ಕೂರಿಸಿ ಇಗುವಾಡಾಲಾನನ್ನು ಮೊದಲಿಂದಲೇ ಆಡಿಸಿದ. ಆ ಯೋಚನೆ ಕೊಟ್ಟದ್ದು ನಿಕ್ ಯುರೆನ್ ಅನ್ನುವ 28 ವರ್ಷದ ಸಹಾಯಕ. ಪಂದ್ಯಕ್ಕೆ ಮುಂಚೆ ಪತ್ರಕರ್ತರು ಕೇಳಿದಾಗ ಕರ್ ಸುಳ್ಳು ಹೇಳಿದ. ಗೆದ್ದ ಮೇಲೆ ಹೌದು, ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡ. ಆಗ ನಾವು ಅವನನ್ನು ಚಾಣಕ್ಯ ಅಂದೆವು. ಮಾರನೇ ವರ್ಷ ಏಳನೇ ಪಂದ್ಯದಲ್ಲಿ ಎಜೀಲಿಯನ್ನು ಇಳಿಸಿದ. ಎಜೀಲಿ ಫೌಲ್ ಮಾಡಿ ಲೆಬ್ರಾನ್‌ಗೆ ಮೂರು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ, ದಾನ ಮಾಡಿದ. ಅದೇ ಕರ್‌ಗೆ ತಲೆಯೇ ಇಲ್ಲ ಅಂದೆವು.

ದಾವಣಗೆರೆಯ ವಾದ ಬೇರೆ. ಅವನು ಲೆಕ್ಕದ ಮನುಷ್ಯ, ಚಕ್ಲಿಯನ್ನೂ ಎಣಿಸಿ ತಿನ್ನುತ್ತಾನೆ. "ಕೋಚ್ ಅಂತ ಏನೂ ಇಲ್ಲ ಕಣ್ರೀ" ಅನ್ನುತ್ತಾನೆ. ಆಧಾರವೂ ಇದೆ. ಆ 73ರ ಸೀಸನ್ನಿನಲ್ಲಿ ಮೊದಲ 43 ಪಂದ್ಯ ಕರ್ ಬೆನ್ನಿನ ಆಪರೇಷನ್ನಿನ ತೊಂದರೆಯಿಂದ ಬೆಂಚಿಗೆ ಬರಲೇ ಇಲ್ಲ. ಸಹಾಯಕ ಲ್ಯೂಕ್ ವಾಲ್ಟನ್ ನೋಡಿಕೊಂಡ. 39 ಗೆದ್ದು ನಾಲ್ಕು ಸೋತರು. ದಾಖಲೆಯಲ್ಲಿ ಆ 39 ಕೂಡ ಕರ್ ಹೆಸರಿಗೇ ಹೋಯಿತು. ವರ್ಷದ ಕೋಚ್ ಪ್ರಶಸ್ತಿಯೂ ಅವನಿಗೇ ಬಂತು. "ಮನೇಲಿ ಮಲಗಿದ್ರೂ ಗೆಲ್ಲಿಸ್ತಾನೆ ಅಂದ್ರೆ ಅವನು ಕೋಚೋ ದೇವರೋ?" ಇದಕ್ಕೆ ಹಾಸನದ ಹತ್ತಿರ ಇವತ್ತಿಗೂ ಉತ್ತರವಿಲ್ಲ. ದನಿ ಮಾತ್ರ ಏರಿಸುತ್ತಾನೆ.

ನಾನು ಇವರ ಜೊತೆ ಎಲ್ಲದಕ್ಕೂ ಹೂಂ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನಾನು ಅಮ್ಮನ ಪಾರ್ಟಿ. ದಾಟದೇ ಇದ್ದಿದ್ದರೆ ಕೈ ಬೀಸುತ್ತಿರಲಿಲ್ಲ. ಬೀಸದಿದ್ದರೆ ನಾಲ್ಕನೇ ಪಾಯಿಂಟಿಲ್ಲ. ಆಗ ಐದನೇ ಪಂದ್ಯದಲ್ಲಿ ಡ್ರೇಮಂಡ್ ಇರುತ್ತಿದ್ದ. ಏಳನೇ ಪಂದ್ಯದಲ್ಲಿ ಅವನು 32 ಪಾಯಿಂಟ್ ಮಾಡಿದ್ದನ್ನು ನೋಡಿದರೆ ಐದರಲ್ಲೇ ಮುಗಿಸುತ್ತಿದ್ದ. ಎಲ್ಲರ 'ರೆ'ಗಳೂ ಗಾಳಿಯಲ್ಲಿ ನೇತಾಡುತ್ತವೆ. ಅಮ್ಮನದಕ್ಕೆ ಮಾತ್ರ ಲೀಗಿನ ನಿಯಮದ ಬೆಂಬಲವಿದೆ.

ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಓಹಾಯೋ ಕಾದು ಕೂತವನ ಹಾಗೆ ಎದ್ದ. "ಸರಿ, ಹಾಗಾದ್ರೆ 2001?" 2001ರ ಫೈನಲ್ಸ್‌ನ ಮೊದಲ ಪಂದ್ಯ. ಫಿಲಡೆಲ್ಫಿಯಾದ ಆ್ಯಲನ್ ಐವರ್ಸನ್ ಎದುರಾಳಿ ಲೇಕರ್ಸ್ ಬೆಂಚಿನ ಎದುರಿಗೇ ಒಂದು ಬುಟ್ಟಿ ಹಾಕಿದ. ತಡೆಯಲು ಬಂದ ಲೇಕರ್ಸ್ ಹುಡುಗ ಕೆಳಗೆ ಬಿದ್ದಿದ್ದ. ಐವರ್ಸನ್ ಅವನನ್ನು ನಿಧಾನವಾಗಿ, ಕಾಲೆತ್ತಿ, ಕೆಸರು ದಾಟುವವರ ಹಾಗೆ ದಾಟಿದ. ಅಮೆರಿಕದಲ್ಲಿ ಆ ಚಿತ್ರ ಗೊತ್ತಿಲ್ಲದ ಬಾಸ್ಕೆಟ್‌ಬಾಲ್ ಪ್ರೇಮಿ ಇಲ್ಲ. ಆ ಪಂದ್ಯ ಫಿಲಡೆಲ್ಫಿಯಾ ಗೆದ್ದಿತು. ಮುಂದಿನ ನಾಲ್ಕೂ ಸೋತಿತು. ದಾಟಿದವನೇ ಮುಳುಗಿದ. ಬಿದ್ದಿದ್ದ ಹುಡುಗನಿಗೆ ಚಾಂಪಿಯನ್ನರ ಉಂಗುರ ಸಿಕ್ಕಿತು. ಅವನ ಹೆಸರು ಟೈರಾನ್ ಲೂ.

"ಯಾವ ಟೈರಾನ್ ಲೂ?" ಅಂದೆ, ಗೊತ್ತಿದ್ದರೂ.

"ಅದೇ. 2016ರಲ್ಲಿ ನಮ್ಮ ಕೋಚ್."

ಸೀಸನ್ ಅರ್ಧ ಆಗಿದ್ದಾಗ, 41ರಲ್ಲಿ 30 ಗೆದ್ದಿದ್ದ ಕೋಚನ್ನು ತೆಗೆದು ಕ್ಲೀವ್‌ಲ್ಯಾಂಡಿನವರು ಕೂರಿಸಿದ್ದು ಇವನನ್ನೇ. ಅಂದರೆ ಲೆಕ್ಕ ಹೀಗೆ: ದಾಟಿಸಿಕೊಂಡವನೂ ಗೆಲ್ಲಬಹುದು, ದಾಟಿದವನೂ ಗೆಲ್ಲಬಹುದು, ಲೂ ಇದ್ದ ಕಡೆ ಮಾತ್ರ ಎರಡು ಸಲವೂ ಗೆದ್ದಿತು. ಹಾಸನ ತಲೆ ಹಿಡಿದುಕೊಂಡ. ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಆ ಲೂಗೆ ಆಮೇಲೆ ಯಾರಾದ್ರೂ ದೃಷ್ಟಿ ತೆಗೆದಿರ್ತಾರೆ" ಅಂದಳು. ಅಮ್ಮನ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಓಹಾಯೋಗೂ ಅವನ ದಿನ ಬಂತು ಬಿಡಿ. 2018, ಮತ್ತೆ ಅದೇ ಎರಡು ತಂಡ, ಫೈನಲ್ಸ್‌ನ ಮೊದಲ ಪಂದ್ಯ. ಲೆಬ್ರಾನ್ 51 ಪಾಯಿಂಟ್ ಹೊಡೆದಿದ್ದಾನೆ. 107-107. ಐದು ಸೆಕೆಂಡೂ ಇಲ್ಲ. ಕ್ಯಾವಲಿಯರ್ಸ್‌ನ ಜಾರ್ಜ್ ಹಿಲ್‌ನ ಎರಡನೇ ಫ್ರೀ ಥ್ರೋ ತಪ್ಪಿತು. ಚೆಂಡು ಅವರದೇ ತಂಡದ ಜೆ. ಆರ್. ಸ್ಮಿತ್ ಕೈಗೆ ಬಂತು, ಬುಟ್ಟಿ ತಲೆಯ ಮೇಲೇ ಇದೆ. ಎಸೆದರೆ ಆಯಿತು. ಅವನು ಚೆಂಡು ತಟ್ಟಿಕೊಂಡು ಬುಟ್ಟಿಗೆ ಬೆನ್ನು ಹಾಕಿ ಹೊರಗೆ ಓಡಿದ! ತಾವೇ ಮುಂದಿದ್ದೇವೆ ಅಂದುಕೊಂಡಂತೆ, ಸಮಯ ಕಳೆಯಲು ಹೊರಟವನ ಹಾಗೆ. ಲೆಬ್ರಾನ್ ಎರಡೂ ಕೈ ಚಾಚಿ ಬುಟ್ಟಿ ತೋರಿಸುತ್ತಿದ್ದಾನೆ. ಮನೆ ಮುಂದೆ ಬಂದು ನಿಂತ ಆಟೋವನ್ನು ಬಿಟ್ಟು ಸ್ಟ್ಯಾಂಡಿನ ಕಡೆ ಓಡುವ ನೆಂಟರನ್ನು ಕರೆಯುವಾಗ ನಮ್ಮ ಕೈ ಹೀಗೇ ಆಗುತ್ತದೆ. ಹೆಚ್ಚುವರಿ ಐದು ನಿಮಿಷದಲ್ಲಿ ವಾರಿಯರ್ಸ್ ಗೆದ್ದಿತು.

ಆ ರಾತ್ರಿ ಮೆಣಸಿನಕಾಯಿ ಬಜ್ಜಿ ಇತ್ತು. ಓಹಾಯೋ ಮುಟ್ಟಲಿಲ್ಲ. ಹಾಸನ ಎರಡು ವರ್ಷದಿಂದ ಕಾದಿದ್ದ, ಏನಾದರೂ ಅಂದೇ ಬಿಡುತ್ತಾನೆ ಅಂತ ನಾವು ಕಾದೆವು. ಅವನು ಬಜ್ಜಿ ತಟ್ಟೆಯನ್ನು ಅವನ ಕಡೆ ಸರಿಸಿ "ಅವನು ಎಸೆದಿದ್ರೆ ಮುಗೀತಿತ್ತು" ಅಂದ. ಓಹಾಯೋ ಮೆಲ್ಲಗೆ "ಹೂಂ, ಎಸೆದಿದ್ರೆ" ಅಂದ. ಮೀಸೆ, ಅತ್ತೆ, ಮಾವ ಯಾರೂ ಬರಲಿಲ್ಲ.

ಈಗ ಮಗ ನನಗಿಂತ ಎತ್ತರ. ಕಾಲೇಜಿನಿಂದ ರಜಕ್ಕೆ ಬಂದರೆ ಪಂದ್ಯ ನೋಡುವುದು ಕಾರ್ಪೆಟ್ ಮೇಲೆ ಉದ್ದಕ್ಕೆ ಮಲಗಿಕೊಂಡೇ. ಸೋಫಾದಿಂದ ಅಡುಗೆಮನೆಗೆ ಹೋಗುವ ದಾರಿ ಪೂರ್ತಿ ಅವನ ಕಾಲು. ಮೊನ್ನೆ ಹಾಫ್‌ಟೈಮಿನಲ್ಲಿ ಓಹಾಯೋ ಚಕ್ಲಿ ಡಬ್ಬಿ ತರಲು ಎದ್ದ. ಯಾರನ್ನೋ ಬೈಯುತ್ತಲೇ ಅವನನ್ನು ದಾಟಿಕೊಂಡು ಒಳಗೆ ಹೋದ. ಡಬ್ಬಿ ಹಿಡಿದು ಬಂದವನು, ನನ್ನ ಹೆಂಡತಿ ಅಡುಗೆಮನೆಯ ಆ ಬದಿಯ ಬಾಗಿಲಿನಿಂದ ಬನ್ನಿ, ಅಲ್ಲಿ ಜಾಗ ಇದೆ ಅಂದರೂ ಕೇಳದೆ, ಬಂದ ದಾರಿಯಲ್ಲೇ ಬಂದು, ಮಗನ ಕಾಲಿನ ಹತ್ತಿರ ಒಂದು ಕ್ಷಣ ನಿಂತು, ವಾಪಸ್ ದಾಟಿದ. ಆಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ.