ಈ ವಯಸ್ಸಲ್ಲಿ ನಿಂಗ್ಯಾಕೆ ಕೋಚ್?

"ಒಬ್ಬ ಕೋಚ್ ಇಟ್ಕೊಳ್ಳೋಣ ಅಂತಿದ್ದೀನಿ" ಅಂದೆ. ಏಲಕ್ಕಿ ಬಿಡಿಸ್ತಾ ಕೂತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ. "ಈ ವಯಸ್ಸಲ್ಲಿ ಹಾಕಿ ಆಡ್ತೀಯಾ?" ಅಂದ್ರು.

ಅವರದ್ದೇನೂ ತಪ್ಪಿಲ್ಲ. ಕೊಡಗಲ್ಲಿ ಕೋಚ್ ಅಂದ್ರೆ ಹಾಕಿ ಕೋಚೇ. ಪೊನ್ನಂಪೇಟೆ ಹಾಸ್ಟೆಲ್ಲು, ಮಡಿಕೇರಿಯಲ್ಲಿ ಕ್ರೀಡಾ ಪ್ರಾಧಿಕಾರದ ಸಾಯಿ ಸೆಂಟರು, ಬೇಸಿಗೆ ಬಂತಂದ್ರೆ ಕೊಡವ ಮನೆತನಗಳು ಒಂದಕ್ಕೊಂದು ಆಡೋ ಕೌಟುಂಬಿಕ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡ ಕಟ್ಟಿಕೊಂಡು ಶುರು ಮಾಡಿದ್ದು, ಈಗ ಮುನ್ನೂರು ದಾಟಿದೆ. ಕುತ್ತಿಗೆಗೆ ಸೀಟಿ, ತಲೆಗೆ ಟೋಪಿ, ಗೆರೆ ಪಕ್ಕ ನಿಂತು ಬೈಯೋ ಮನುಷ್ಯ, ಅವನೇ ಕೋಚ್. ಬಿಸಿನೆಸ್ ಕೋಚ್ ಅಂದ್ರೆ ಬೇರೆ ಅಂತ ಅತ್ತೆಗೆ ಬಿಡಿಸಿ ಹೇಳೋಕೆ ಹೊರಟಾಗಲೇ ನನಗೂ ಸರಿಯಾಗಿ ಗೊತ್ತಿಲ್ಲ ಅನ್ನೋದು ಗೊತ್ತಾಗಿದ್ದು.

ನಮ್ಮದು ಚೆಟ್ಟಳ್ಳಿ ಕಡೆ ಏಳು ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ನಾಲ್ಕು ರೂಮಿನ ಹೋಮ್‌ಸ್ಟೇ, ಜೊತೆಗೆ ನಾನು ಮಾಡೋ ಕಾಫಿ ಪುಡಿ. ಹೋಮ್‌ಸ್ಟೇ ಶುರು ಮಾಡಿದ್ದು 2016ರಲ್ಲಿ. ಎರಡು ವರ್ಷ ಚೆನ್ನಾಗಿ ನಡೀತು. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ ಮೇಲೆ ಫೋನೇ ಬರಲಿಲ್ಲ. ಬಂದದ್ದೆಲ್ಲ ಕ್ಯಾನ್ಸಲ್ ಮಾಡೋಕೆ. ಮರುವರ್ಷ ಮತ್ತೆ ಮಳೆ, ಅದರ ಮರುವರ್ಷ ಕೊರೋನಾ. ಆಮೇಲೆ ಜನ ಬಂದ್ರು ನೋಡಿ, ಶನಿವಾರ ಭಾನುವಾರ ಅಡುಗೆಮನೆಯಿಂದ ಹೊರಗೆ ಬರೋಕೆ ಆಗದಷ್ಟು. ಹಾಗಿದ್ರೂ ತಿಂಗಳ ಕೊನೆಗೆ ಪಾಸ್‌ಬುಕ್ ತೆಗೆದ್ರೆ ಏನೂ ಇಲ್ಲ. ಇಷ್ಟು ದುಡಿದಿದ್ದೆಲ್ಲ ಎಲ್ಲಿ ಹೋಯ್ತು ಅಂತ ರಾತ್ರಿ ನಿದ್ದೆ ಬರ್ತಿರಲಿಲ್ಲ. ಅಂಥದೇ ಒಂದು ರಾತ್ರಿ ಮೊಬೈಲಲ್ಲಿ ಆ ಜಾಹೀರಾತು ಬಂತು. 99 ರೂಪಾಯಿಗೆ ಮೂರು ಗಂಟೆ ವೆಬಿನಾರ್, "ನಿಮ್ಮ ಬಿಸಿನೆಸ್ ನಿಮ್ಮನ್ನ ಓಡಿಸ್ತಿದೆಯಾ?" ಹೌದು ಮಾರಾಯ, ಓಡಿಸ್ತಿದೆ ಅಂತ ಕಟ್ಟಿಬಿಟ್ಟೆ.

ಕಣದ ಮೂಲೆಯಲ್ಲಿ ನಿಂತ್ರೆ ಮಾತ್ರ ನಮಗೆ ಎರಡು ಗೀಟು ಸಿಗ್ನಲ್. ಸ್ವೆಟರ್ ಹಾಕ್ಕೊಂಡು ಅಲ್ಲೇ ಕುರ್ಚಿ ಹಾಕಿ ಕೂತೆ. ಮೊದಲ ಎರಡು ಗಂಟೆ ಆ ಮನುಷ್ಯ ತನ್ನ ಕಥೆ ಹೇಳಿದ. ಸಾಲ, ಅವಮಾನ, ಒಂದು ರಾತ್ರಿ ಕಣ್ಣು ತೆರೆದಿದ್ದು, ಆಮೇಲೆ ಕಾರು. ಮೂರನೇ ಗಂಟೆ ಪೂರ್ತಿ ಒಂದು ವರ್ಷದ ಪ್ಯಾಕೇಜಿನ ಬಗ್ಗೆ. ಒಂದೂವರೆ ಲಕ್ಷ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,77,000. ಇವತ್ತು ರಾತ್ರಿ 12ರ ಒಳಗೆ ಕಟ್ಟಿದ್ರೆ ಮಾತ್ರ ಈ ರೇಟು. ವರ್ಷದಲ್ಲಿ ವ್ಯಾಪಾರ ಮೂರು ಪಟ್ಟು, ಗ್ಯಾರಂಟಿ.

ಪ್ಲಾಂಟರ್ ಮನೆಯವಳಾಗಿ ನಾನು ಯಾವ ದೊಡ್ಡ ಮೊತ್ತವನ್ನೂ ಚೀಲಕ್ಕೆ ತಿರುಗಿಸಿಯೇ ನೋಡೋದು. ಚೀಲಕ್ಕೆ ಹತ್ತು ಸಾವಿರ ಸಿಕ್ಕಿದ ವರ್ಷದ ದರ ಹಿಡಿದ್ರೂ ಅದು ಹದಿನೆಂಟು ಚೀಲ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಹದಿನೆಂಟು ಚೀಲ ಕುಯ್ಯೋಕೆ, ಒಣಗಿಸೋಕೆ, ಅಕಾಲ ಮಳೆ ಬಂದಾಗ ಟಾರ್ಪಾಲ್ ಎಳೆಯೋಕೆ ಎಷ್ಟು ಜನ ಬೇಕು ಅಂತ ನನಗೆ ಗೊತ್ತು. ಅವತ್ತು ರಾತ್ರಿ 12 ದಾಟಿತು. ಮರುದಿನವೂ ಅದೇ ರೇಟಿಗೆ ಫೋನ್ ಬಂತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಕಾಫಿ ವ್ಯಾಪಾರಿ ಚೀಲ ನೋಡಿದ ತಕ್ಷಣ ರೇಟು ಹೇಳೋದಿಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಒಂದು ಚೀಲ ಅಂದ್ರೆ ಐವತ್ತು ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೇಳೆ (ಸಿಪ್ಪೆ ತೆಗೆದ ಬೀಜ) ಇದೆ ಅಂತ ಔಟ್‌ಟರ್ನ್ ತೆಗೆದ ಮೇಲೇ ಬಾಯಿ ಬಿಡೋದು. ಒಂದು ಚೀಲಕ್ಕೇ ಇಷ್ಟು ಜಾಗ್ರತೆ ಇರುವಾಗ, ನನ್ನ ಒಂದು ಬಿಲ್ಲೂ ನೋಡದೆ, ನಾನು ಏನು ಮಾರ್ತೀನಿ ಅಂತಲೂ ಕೇಳದೆ ಮೂರು ಪಟ್ಟು ಅನ್ನೋನನ್ನ ಏನಂತ ನಂಬಲಿ?

ಆದ್ರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಬೇಕಾ, ಬೇಡವಾ? ಓದೋಕೆ ಶುರು ಮಾಡಿದೆ.

ಮೊದಲು ತಿಳಿದದ್ದು, ಕೋಚ್ ಆಗೋಕೆ ಯಾವ ಲೈಸೆನ್ಸೂ ಬೇಡ. ಸಿಎಗೆ, ವಕೀಲರಿಗೆ ಇರೋ ಹಾಗೆ ಕಾನೂನಿಲ್ಲ. ನಾಳೆ ನಾನೇ ಬೋರ್ಡು ಹಾಕ್ಕೋಬಹುದು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಅಂತ 1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಇದೆ, ಅವರು ಕೊಡೋ ಪ್ರಮಾಣಪತ್ರಗಳಿವೆ. ಮೊದಲ ಮೆಟ್ಟಿಲು ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಅದರ ಮೇಲಿನ ಪಿಸಿಸಿಗೆ 500 ಗಂಟೆ ಅನುಭವ, ಕೊನೆಯ ಮೆಟ್ಟಿಲು ಎಂಸಿಸಿಗೆ 2,500. ಇದು ಇದ್ದವರೆಲ್ಲ ಒಳ್ಳೆಯವರು ಅಂತಲ್ಲ, ಇಲ್ಲದವರೆಲ್ಲ ಮೋಸಗಾರರೂ ಅಲ್ಲ. ಕನಿಷ್ಠ ಅಷ್ಟು ಗಂಟೆ ಇನ್ನೊಬ್ಬರ ಮಾತು ಕೇಳಿಸಿಕೊಂಡಿದ್ದಾರೆ ಅಂತ ಒಂದು ಲೆಕ್ಕ ಸಿಗುತ್ತೆ.

ಎರಡನೇದು ನನಗೆ ಹೊಸದು. ಕೋಚ್ ಅನ್ನಿಸಿಕೊಂಡವರು ಹೀಗೆ ಮಾಡು, ಹಾಗೆ ಮಾಡು ಅಂತ ಹೇಳೋದೇ ಇಲ್ಲವಂತೆ. ಕೇಳ್ತಾರೆ, ಅಷ್ಟೆ. ನಾವೇ ಉತ್ತರ ಹುಡುಕಬೇಕು. ಹೇಳಿಕೊಡೋರು ಕನ್ಸಲ್ಟೆಂಟ್. ಅದೇ ದಾರಿಯಲ್ಲಿ ನಡೆದು ಬಂದು ತಮ್ಮ ಅನುಭವ ಹೇಳೋರು ಮೆಂಟರ್. ಆ ಲೆಕ್ಕದಲ್ಲಿ ನಮ್ಮ ಹಾಕಿ ಕೋಚ್ ಇವೆಲ್ಲ ಸೇರಿದ ಮಿಶ್ರಣ. ಎಂ.ಪಿ. ಗಣೇಶ್ ಅವರು 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು, ಆಮೇಲೆ ಭಾರತ ತಂಡದ ಕೋಚ್. ಆಡಿದವರು, ಗೆದ್ದವರು ಹೇಳಿದ್ರೆ ಕೇಳೋಕೆ ಮನಸ್ಸು ಬರುತ್ತೆ. ಹಾಗಾದ್ರೆ ಹೋಮ್‌ಸ್ಟೇ ನಡೆಸದೇ ಇರೋನು ನನಗೇನು ಕೋಚ್ ಅಂತ ನಾನೂ ವಾದ ಮಾಡಿದ್ದೆ. ಆಮೇಲೆ ಬಿಲ್ ಕ್ಯಾಂಪ್‌ಬೆಲ್ ಅನ್ನೋರ ಬಗ್ಗೆ ಓದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದವರು, ಆಮೇಲೆ ಗೂಗಲ್‌ನ ಎರಿಕ್ ಶ್ಮಿಟ್‌ಗೂ ಆಪಲ್‌ನ ಸ್ಟೀವ್ ಜಾಬ್ಸ್‌ಗೂ ಕೋಚ್. ಅವರೇನು ಕೂತು ಸರ್ಚ್ ಎಂಜಿನ್ ಬರೆದವರಲ್ಲ. ನನ್ನ ವಾದ ಸ್ವಲ್ಪ ಮೆತ್ತಗಾಯ್ತು.

ಈಗ ನನ್ನ ಪುಡಿಯ ಕಥೆ. ಇದನ್ನ ಹೇಳದೆ ಮುಂದೆ ಹೋಗೋಕಾಗಲ್ಲ.

ಕೋಚ್ ವಿಷಯ ಮನೆಯಲ್ಲಿ ಬಂದ ವಾರವೇ ಬಿಕಾಂ ಓದ್ತಿರೋ ನಾದಿನಿ ಮಗ ರಜೆಗೆ ಬಂದಿದ್ದ. "ಅತ್ತೇ, ಪುಡಿಗೆ ಖರ್ಚೆಷ್ಟು?" ಅಂದ. ಹುರಿಯೋದು, ಪುಡಿ ಮಾಡೋದು, ಪ್ಯಾಕೆಟ್ಟು, ಲೇಬಲ್ಲು, ಕೊರಿಯರ್ ಎಲ್ಲ ಹೇಳಿದೆ. "ಬೀಜಕ್ಕೆ?" ಅಂದ. "ಬೀಜ ನಮ್ಮದೇ ತಾನೇ!" ಅಂದೆ. ಅವನು ನಕ್ಕು ಕ್ಯಾಲೆಂಡರಿನ ಹಿಂದೆ ಬರೆದ. ಒಂದು ಚೀಲ ಚೆರಿಗೆ ಔಟ್‌ಟರ್ನ್ 26 ಅಂದ್ರೆ 26 ಕಿಲೋ ಬೇಳೆ. ಹುರಿದಾಗ ನೂರಕ್ಕೆ ಹದಿನಾರು ತೂಕ ಹೋಗುತ್ತೆ, ಉಳಿಯೋದು ಸುಮಾರು 21.8 ಕಿಲೋ. ಚೀಲಕ್ಕೆ ಮೂರೂವರೆ ಸಾವಿರ ಇದ್ದಾಗ ನನ್ನ ಪುಡಿಯ ಒಳಗಿದ್ದ ಬೀಜದ ಬೆಲೆ ಕಿಲೋಗೆ 160. 2024ರಲ್ಲಿ ಚೀಲ ಹತ್ತು ಸಾವಿರ ಮುಟ್ಟಿತಲ್ಲ, ಆಗ 458. ನಾನು ಮಾರ್ತಿದ್ದದ್ದು 480ಕ್ಕೆ. ಉಳಿದ 22 ರೂಪಾಯಿಯಲ್ಲಿ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ, ನಗ್ತಾ "ಮತ್ತೆ ಬನ್ನಿ" ಅಂತ ಕೊಡ್ತಿದ್ದೆ. ಊರೆಲ್ಲ ಕಾಫಿ ರೇಟು ಏರಿತು ಅಂತ ಸಂಭ್ರಮ ಪಡುವಾಗ ನಾನೊಬ್ಬಳು ಆ ಕಾಫಿಯನ್ನೇ ಪ್ಯಾಕೆಟ್ ಹಾಕಿ ದಾನ ಮಾಡ್ತಿದ್ದೆ. ಹಾಗೇ ಚೀಲದಲ್ಲಿ ಮಾರಿದ್ರೆ ಇದಕ್ಕಿಂತ ಜಾಸ್ತಿ ಸಿಗ್ತಿತ್ತು, ಬೆನ್ನುನೋವೂ ಇರ್ತಿರಲಿಲ್ಲ.

ನನಗೆ ಇದು ಹೊಳೀಲಿಲ್ಲ ಯಾಕೆ? ಯೋಚನೆ ಮಾಡಿದ್ರೆ, ನಮ್ಮ ಮನೆಗಳಲ್ಲಿ ಬೆಲೆ ಹಾಕೋ ಅಭ್ಯಾಸವೇ ಇಲ್ಲ. 1942ರ ಕಾಫಿ ಕಾಯ್ದೆಯಿಂದ ಹಿಡಿದು ಬಹುಕಾಲ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ, ಅಂದ್ರೆ ಎಲ್ಲರ ಕಾಫಿಯನ್ನೂ ಸೇರಿಸೋ ಒಟ್ಟು ದಾಸ್ತಾನಿಗೇ ಹಾಕಬೇಕಿತ್ತು. ಬೋರ್ಡು ಮಾರ್ತಿತ್ತು, ಬೆಳೆಗಾರನಿಗೆ ಕಂತಲ್ಲಿ ಹಣ ಬರ್ತಿತ್ತು. 1990ರ ದಶಕದಲ್ಲಿ ಅದು ಸಡಿಲವಾಗ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಆಯ್ತು. ಬೆಳೆಯೋದು ನಮ್ಮ ಕೆಲಸ, ಬೆಲೆ ಇನ್ಯಾರದೋ ಕೆಲಸ ಅನ್ನೋ ಬುದ್ಧಿ ಮಾವನ ಕಾಲದ್ದು, ಅದು ಹಾಗೇ ನನ್ನ ಪುಡಿ ಡಬ್ಬಕ್ಕೂ ಬಂದಿತ್ತು.

ಅಲ್ಲಿಗೆ ಕೋಚಿಗೆ ಕೊಡಬೇಕಿದ್ದ 1,77,000 ಉಳೀತು ಅಂತ ಮನೆಯವರು ಅಂದ್ರು. ಹುಡುಗನಿಗೆ ಒಂದು ಶರ್ಟು ಕೊಡಿಸಿದೆ.

ಗೊತ್ತಿಲ್ಲದೇ ಇರೋದಕ್ಕೆ ಹೇಳಿಕೊಡೋರು ಬೇಕು, ಅಂಥವರು ನಮ್ಮ ಸುತ್ತಲೇ ಇದ್ದಾರೆ, ಹೆಚ್ಚಿನವರು ಪುಕ್ಕಟೆ. ಗಿಡದ ವಿಷಯಕ್ಕೆ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರ, ಹುರಿಯೋದು ಕುಡಿಯೋದು ಕಲಿಯೋಕೆ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿ. ಪುಡಿ, ಉಪ್ಪಿನಕಾಯಿ ಹೀಗೆ ತಿನ್ನೋ ಪದಾರ್ಥ ಏನಾದರೂ (ವೈನ್ ಒಂದು ಬಿಟ್ಟು) ಮಾಡೋ ಹೆಂಗಸರು, ಸಣ್ಣ ಆಹಾರ ತಯಾರಿಕೆಗೆ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆ ಈಗಲೂ ಇದೆಯಾ ಅಂತ ವಿಚಾರಿಸಿ. ಸಾಲಕ್ಕೆ ಹೊಂದಿಕೊಂಡ ಶೇ 35 ಸಬ್ಸಿಡಿ, ಮಿತಿ 10 ಲಕ್ಷ. ಪ್ರಾಜೆಕ್ಟ್ ರಿಪೋರ್ಟ್ ಬರೆಯೋಕೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಒಬ್ಬರು ಇರ್ತಾರೆ, ಅವರಿಗೆ ಹಣ ಕೊಡೋದು ಯೋಜನೆಯೇ, ನಾವಲ್ಲ. ಇದನ್ನೇ ಹೇಳಿಕೊಡೋಕೆ ಪ್ಯಾಕೇಜ್ ಮಾರೋರು ಇದ್ದಾರೆ, ಅದಕ್ಕೇ ಬರೆದೆ.

ಆದ್ರೂ ನಾನು ಕೊನೆಗೆ ಒಬ್ಬ ಕೋಚ್ ಹತ್ತಿರ ಹೋದೆ. ಇಷ್ಟೆಲ್ಲ ಬೈದು ಹೋದಳಾ ಅಂತ ನಗಬೇಡಿ.

ಪುಡಿಯ ರೇಟು ಸರಿ ಮಾಡಿದ ಮೇಲೂ ಒಂದು ಉಳಿದಿತ್ತು. ನನಗೆ ಮಾತಾಡೋಕೆ ಯಾರೂ ಇರಲಿಲ್ಲ. ಮನೆಯವರ ಹತ್ತಿರ ಲೆಕ್ಕ ಎತ್ತಿದ್ರೆ ಅದು ಲೆಕ್ಕ ಆಗಿರಲ್ಲ, ಜಗಳ ಆಗುತ್ತೆ. ತಮ್ಮನ ಹತ್ತಿರ ಹೇಳಿದ್ರೆ ತವರುಮನೆಗೆ ಚಿಂತೆ. ಪಕ್ಕದ ಹೋಮ್‌ಸ್ಟೇಯವರು ಸ್ನೇಹಿತರೇ, ಆದ್ರೆ ಅದೇ ಶನಿವಾರದ ಅದೇ ಬೆಂಗಳೂರಿನ ಗೆಸ್ಟ್‌ಗೆ ಇಬ್ಬರೂ ಕಾಯ್ತಿರ್ತೀವಿ. ಇನ್ನು ಊರಲ್ಲಿ "ಸ್ವಲ್ಪ ಕಷ್ಟ" ಅಂತ ಬಾಯಿ ಬಿಟ್ರೆ ಮುಗೀತು, ನಾವು ಹೋಗೋ ಮೊದಲೇ ಸುದ್ದಿ ಮದುವೆ ಮನೆ ತಲುಪಿ, ಹಂದಿಕರಿ ಬಡಿಸೋರು "ತೋಟ ಮಾರ್ತೀರಂತೆ?" ಅಂತ ಕೇಳ್ತಾರೆ. ಕೊಡಗು ಸಣ್ಣದು. ಎಲ್ಲರಿಗೂ ಎಲ್ಲರ ಮನೆ ಗೊತ್ತು, ಹಾಗಾಗಿ ಯಾರೂ ಯಾರಿಗೂ ನೇರವಾಗಿ ಏನೂ ಕೇಳಲ್ಲ. ನನ್ನ ಮನೆಹೆಸರು, ಎಕರೆ, ಅತ್ತೆಯ ಸಿಟ್ಟು ಏನೂ ಗೊತ್ತಿಲ್ಲದ ಒಬ್ಬರು ಎದುರು ಕೂತು ಕೇಳಬೇಕಿತ್ತು. ಅದಕ್ಕೆ ದುಡ್ಡು ಕೊಡೋದು ದಂಡ ಅಂತ ನನಗೆ ಈಗ ಅನ್ನಿಸಲ್ಲ.

ಈ ಸಲ ಜಾಹೀರಾತಲ್ಲ, ಪರಿಚಯದವರ ಮೂಲಕ ಮೈಸೂರಿನ ಒಬ್ಬ ಹೆಂಗಸು. ಗಂಟೆಗೆ ಮೂರೂವರೆ ಸಾವಿರ. ವರ್ಷದ ಕರಾರು ಮಾಡಲ್ಲ, ಮೂರೇ ಮೂರು ಸಲ, ಆಮೇಲೆ ನೋಡೋಣ ಅಂದೆ. ಸರಿ ಅಂದ್ರು. "ನಿಮ್ಮ ಹತ್ತಿರ ಬಂದು ಮಧ್ಯದಲ್ಲೇ ಬಿಟ್ಟುಹೋದ ಒಬ್ಬರ ನಂಬರ್ ಕೊಡಿ" ಅಂದೆ. ಹೊಗಳೋರ ನಂಬರ್ ಎಲ್ಲರೂ ಕೊಡ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರನ್ನ ಕೇಳಿ ಕೊಡ್ತೀನಿ ಅಂದ್ರು, ಎರಡು ದಿನ ಬಿಟ್ಟು ಕೊಟ್ರು. ಬಿಟ್ಟುಹೋದವರು ಫೋನಲ್ಲಿ, "ಅವರು ಒಳ್ಳೆಯವರೇ, ನನಗೆ ಕೇಳೋರು ಬೇಡವಾಗಿತ್ತು, ಮಾಡಿಕೊಡೋರು ಬೇಕಿತ್ತು" ಅಂದ್ರು. ನನ್ನ ಮಟ್ಟಿಗೆ ಅಲ್ಲಿಗೇ ತೀರ್ಮಾನ ಆಯ್ತು. "ವ್ಯಾಪಾರ ಎಷ್ಟು ಹೆಚ್ಚುತ್ತೆ?" ಅಂತಲೂ ಕೇಳಿ ನೋಡಿದ್ದೆ. "ಗೊತ್ತಿಲ್ಲ" ಅಂದಿದ್ರು.

ಹೋದ ವಾರ ಮೊದಲ ಸೆಷನ್. ಅದೇ ಕಣ, ಅದೇ ಕುರ್ಚಿ. ನಾಲ್ಕೂ ರೂಮಿನ ಒಂದು ವರ್ಷದ ಲೆಕ್ಕ ಬೇರೆ ಬೇರೆ ಬರೆದಿಟ್ಟುಕೊಳ್ಳಿ ಅಂತ ಮೊದಲೇ ಹೇಳಿದ್ರು. ಬರೀತಾ ಹೋದಾಗಲೇ ಬೆವರು ಬಂದಿತ್ತು. ತೋಡಿನ ಪಕ್ಕ ಇರೋ ನಾಲ್ಕನೇ ರೂಮು, ಬೇರೆ ಕಾಟೇಜು. ಜೂನಿಂದ ಸೆಪ್ಟೆಂಬರ್ ತನಕ ಸೋರುತ್ತೆ, ಗೀಸರ್ ಬೇರೆ, ಊಟ ಹೊತ್ತುಕೊಂಡು ಹೋಗೋಕೆ ಒಬ್ಬ ಹುಡುಗ ಬೇರೆ, ತುಂಬದೇ ಇದ್ದಾಗ ಡಿಸ್ಕೌಂಟು, ಅದರ ಮೇಲೆ ಬುಕಿಂಗ್ ಆ್ಯಪಿನ ಕಮಿಷನ್. ಮೂರು ರೂಮು ದುಡಿದದ್ದನ್ನ ಅದು ಕೂತು ತಿಂತಿತ್ತು.

"ಅದನ್ನ ಯಾಕೆ ಇಟ್ಟುಕೊಂಡಿದ್ದೀರಿ?" ಅಂತ ಕೇಳಿದ್ರು.

ನಾನು ವ್ಯೂ ಚೆನ್ನಾಗಿದೆ ಅಂದೆ, ಫೋಟೋಗೆ ಅದೇ ಬೇಕು ಅಂದೆ, ಹನಿಮೂನಿನವರು ಕೇಳ್ತಾರೆ ಅಂದೆ. ಅವರು ಮಾತೇ ಆಡಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ಫೋನ್ ಎತ್ತಿ ನೋಡಿದೆ, ಎರಡು ಗೀಟು ಇತ್ತು. ಆಮೇಲೆ ನನ್ನ ಬಾಯಿಂದಲೇ ಬಂತು: "ಅದು ನಮ್ಮ ಮನೆಯವರು ತಮ್ಮ ಕೈಯಾರೆ ಕಟ್ಟಿದ್ದು."

ಮುಂದಿನ ಸೆಷನ್ ಈ ಬುಧವಾರ. ಅಷ್ಟರೊಳಗೆ ಆ ಲೆಕ್ಕದ ಹಾಳೆಯನ್ನ ನಮ್ಮ ಮನೆಯವರಿಗೆ ತೋರಿಸ್ತೀನಿ ಅಂತ ನಾನೇ ಒಪ್ಪಿಕೊಂಡು ಬಂದಿದ್ದೀನಿ. ಇನ್ನೂ ತೋರಿಸಿಲ್ಲ. ಅವರು ಫೇಸ್‌ಬುಕ್ಕಲ್ಲಿ ಇಲ್ಲ, ಓದಿದವರು ದಯವಿಟ್ಟು ಸಂತೆಯಲ್ಲಿ ಸಿಕ್ಕಾಗ ಬಾಯಿ ಬಿಡಬೇಡಿ. ಇವತ್ತು ಬೆಳಿಗ್ಗೆ ಕಾಫಿ ತಗೊಂಡು ತೋಡಿನ ಕಡೆ ಹೋದ್ರೆ, ಅವರು ಏಣಿ ಹಾಕ್ಕೊಂಡು ಆ ಕಾಟೇಜಿನ ಹಂಚು ಒಂದೊಂದಾಗಿ ತೆಗೆದು ಸರಿ ಮಾಡ್ತಾ ಇದ್ರು.