ಟ್ರಕೋಮಾ ಹೋಯಿತು, ಗ್ಲಾಕೋಮಾ?
‘ಸೋಂಕುಗಳನ್ನು ತೊಲಗಿಸಿದರೆ ಆಫ್ರಿಕಾದ ಅಂಧತ್ವ ಬಹುಪಾಲು ನೀಗುತ್ತದೆ’ ಎಂದು ಲೇಖನವೊಂದರಲ್ಲಿ ಲೇಖಕರು ಬರೆದ ಮಾತನ್ನು ನಾನು ಒಪ್ಪುವುದಿಲ್ಲ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಕಣ್ಣಿನ ಸೋಂಕುರೋಗವಾದ ಟ್ರಕೋಮಾ ಈಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಒಪ್ಪಿಕೊಂಡಿದೆ. ಸೋಂಕಲ್ಲದ, ಕಣ್ಣಿನ ನರ ಹಾಳಾಗಿ ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಹೋಗುವ ಗ್ಲಾಕೋಮಾ ಮಾತ್ರ ಅಲ್ಲಿ ಬೇರು ಬಿಟ್ಟು ಕುಳಿತಿದೆ. ಪಶ್ಚಿಮ ಆಫ್ರಿಕಾದವರಲ್ಲಿ ಅದು ಚಿಕ್ಕ ವಯಸ್ಸಿಗೇ ಶುರುವಾಗುತ್ತದೆ, ಬೇಗ ಬಲಿಯುತ್ತದೆ. ಘಾನಾದ ರಾಜಧಾನಿ ಅಕ್ರಾದಲ್ಲಿ ನಾನಿದ್ದಾಗ ನಮ್ಮ ಕಚೇರಿಯ ಕಾವಲುಗಾರ ಪತ್ರಿಕೆಯನ್ನು ಸರಾಗವಾಗಿ ಓದುತ್ತಿದ್ದ, ಆದರೆ ಬಾಗಿಲ ಚೌಕಟ್ಟಿಗೆ ದಿನವೂ ಭುಜ ತಗುಲಿಸಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ! ನೋವಿಲ್ಲ, ಕೆಂಪಿಲ್ಲ, ಪರೀಕ್ಷೆಗೆ ಹೋಗುವಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಟ್ರಕೋಮಾಕ್ಕಾದರೆ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಊರಿಗೆ ಊರೇ ನುಂಗುವಂತೆ ಹಂಚಬಹುದು. ಗ್ಲಾಕೋಮಾದ ಹನಿಯನ್ನು ಅವನು ಬದುಕಿರುವವರೆಗೂ ಸಂಬಳದಲ್ಲೇ ಕೊಳ್ಳಬೇಕು. ಆ ಖರ್ಚಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ?